ಬೆಟ್ಟ ನಿಂತಿಲ್ಲ: ಇಳಿಜಾರಿನಲ್ಲಿ ಸೈಟು ಕೊಳ್ಳುವ ಮುನ್ನ



ಸಂಘದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ ನೋಡುತ್ತ ಕುಳಿತಿರುವ ನಮ್ಮ ಕಿವಿಗೆ ಕೆಲವು ವರ್ಷಗಳಿಂದ ಒಂದು ವಿಷಯ ಪದೇ ಪದೇ ಬೀಳುತ್ತಿದೆ. ಮಡಿಕೇರಿಯ ಆಚೆಯೋ, ಮೂಡಿಗೆರೆಯ ಬದಿಗೋ, ಶಿರಸಿಯಿಂದ ಘಟ್ಟ ಇಳಿಯುವಲ್ಲಿಯೋ ಒಂದು ತುಂಡು ಜಾಗ. "ಒಳ್ಳೇ ವ್ಯೂ ಇದೆ ಡಾಕ್ಟ್ರೇ, ಕೆಳಗೆ ತೊರೆ ಹರೀತದೆ. ಸ್ವಲ್ಪ ಮಣ್ಣು ತೆಗೆಸಿ ಸಮ ಮಾಡಿದರೆ ನಮಗೊಂದು ಮನೆ, ಪಕ್ಕದಲ್ಲಿ ಎರಡು ಕೊಠಡಿಯ ಹೋಂಸ್ಟೇ." ಈ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಪ್ಪತ್ತು ವರ್ಷ ಏರ್‌ಕಂಡಿಷನರಿನ ಸದ್ದಿನಲ್ಲಿ ಮಲಗಿದವರಿಗೆ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಬೇಕೆನಿಸುವುದು ಸಹಜವೇ ಆಗಿದೆ.

ಆದರೂ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳಿತು. ಪಶ್ಚಿಮಘಟ್ಟದ ಕಡಿದಾದ ಇಳಿಜಾರನ್ನು ಕತ್ತರಿಸಿ ಕಟ್ಟುವ ಮನೆಗೆ ನಮ್ಮ ದುಡಿಮೆಯ ಹಣವನ್ನು ಹಾಕಬಾರದು. ನಾವು ಓದಿದ್ದು ವೈದ್ಯಶಾಸ್ತ್ರವೇ ಹೊರತು ಭೂವಿಜ್ಞಾನವಲ್ಲ. ಆದರೆ ಈ ಅಭಿಪ್ರಾಯಕ್ಕೆ ಬೇಕಾದ ಸಾಕ್ಷ್ಯ ಮಸ್ಕತ್ತಿನಲ್ಲಿರುವ ನಮ್ಮೆಲ್ಲರ ಕಿಟಕಿಯ ಹೊರಗೇ ಬಿದ್ದಿದೆ. ಅದನ್ನು ಓದಲು ತಜ್ಞರೇ ಆಗಬೇಕಿಲ್ಲ.

ಇಲ್ಲಿಯ ಬೆಟ್ಟಗಳನ್ನು ನಾವು ‘ಬೋಳು ಗುಡ್ಡ’ ಎಂದು ಕರೆದು ಸುಮ್ಮನಾಗುತ್ತೇವೆ. ರೂವಿಯಿಂದ ಮತ್ರಾಹ್ ಕಡೆಗೆ ಇಳಿಯುವಾಗ ರಸ್ತೆಯ ಬದಿಗೆ ಎದ್ದು ನಿಂತಿರುವ ಕಂದುಗಪ್ಪು ಬಂಡೆಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಅವು ಪೆರಿಡೊಟೈಟ್ ಎಂಬ ಶಿಲೆ. ಭೂಮಿಯ ಹೊರಚಿಪ್ಪಿಗೆ ಸೇರಿದವಲ್ಲ. ಅದರ ಅಡಿಯಲ್ಲಿರುವ ಮ್ಯಾಂಟಲ್ ಎಂಬ ಪದರಕ್ಕೆ ಸೇರಿದವು. ಸಾಮಾನ್ಯವಾಗಿ ಸಮುದ್ರದ ತಳದಿಂದ ಮತ್ತೆ ಆರೇಳು ಕಿಲೋಮೀಟರ್ ಆಳಕ್ಕೆ ಹೋದರೆ ಮಾತ್ರ ಸಿಗಬೇಕಾದ ಕಲ್ಲು ಇಲ್ಲಿ ತರಕಾರಿ ತರಲು ಹೋಗುವ ದಾರಿಯಲ್ಲಿ ಸಿಗುತ್ತದೆ. ಸುಮಾರು 9.5 ಕೋಟಿ ವರ್ಷಗಳ ಹಿಂದೆ, ಈಗಿಲ್ಲದ ಒಂದು ಸಾಗರದ ತಳವು ಭೂಫಲಕಗಳ ಒತ್ತಡದಿಂದ ಅರೇಬಿಯದ ಅಂಚಿನ ಮೇಲೆ ಏರಿ ಕುಳಿತಿತು. ಸಾಗರದ ತಳ ಸಾಮಾನ್ಯವಾಗಿ ಭೂಖಂಡದ ಅಡಿಗೆ ಜಾರಿ ಕರಗಿಹೋಗುತ್ತದೆ. ಇಲ್ಲಿ ಮೇಲಕ್ಕೆ ಹತ್ತಿತು. ಭೂವಿಜ್ಞಾನಿಗಳು ಇದಕ್ಕೆ ಸೆಮೈಲ್ ಓಫಿಯೊಲೈಟ್ ಎಂದು ಹೆಸರಿಟ್ಟಿದ್ದಾರೆ. ಐನೂರು ಕಿಲೋಮೀಟರಿನಷ್ಟು ಉದ್ದದ ಈ ಹಾಸು ಜಗತ್ತಿನಲ್ಲಿಯೇ ಇಂಥವುಗಳ ಪೈಕಿ ಅತ್ಯಂತ ದೊಡ್ಡದು, ಅತ್ಯಂತ ಚೆನ್ನಾಗಿ ತೆರೆದುಕೊಂಡಿರುವುದು. ಹೊರದೇಶಗಳಿಂದ ವಿದ್ಯಾರ್ಥಿಗಳು ಇದನ್ನು ಮುಟ್ಟಿ ನೋಡಲೆಂದೇ ಬರುತ್ತಾರೆ. ನಮ್ಮ ಮಕ್ಕಳು ಇದರ ನೆರಳಿನಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ಹೊರಟುಹೋಗುತ್ತಾರೆ, ಒಂದು ಕಲ್ಲನ್ನೂ ಎತ್ತಿ ನೋಡದೆ.

ಈ ಚಲನೆ ಮುಗಿದ ಕಥೆಯೇನೂ ಅಲ್ಲ. ಅರೇಬಿಯದ ಫಲಕ ಇಂದಿಗೂ ವರ್ಷಕ್ಕೆ ಎರಡರಿಂದ ಮೂರು ಸೆಂಟಿಮೀಟರಿನಂತೆ ಉತ್ತರ ದಿಕ್ಕಿಗೆ ಸರಿಯುತ್ತಿದೆ. ನಮ್ಮ ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಫಲಕದ ವೇಗ ಅದಕ್ಕಿಂತ ತುಸು ಕಡಿಮೆ. ವರ್ಷಕ್ಕೆ ಎರಡೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ 40 ಲಕ್ಷ ವರ್ಷಗಳಲ್ಲಿ ನೂರು ಕಿಲೋಮೀಟರ್. ಇರಾನಿನ ಜಾಗ್ರೋಸ್ ಪರ್ವತಗಳು ಮಡಿಕೆ ಮಡಿಕೆಯಾಗಿ ಏಳುತ್ತಿರುವುದು ಈ ತಳ್ಳುವಿಕೆಯಿಂದಲೇ. ಒಮಾನಿನ ಎದುರು ದಡದ ಮಕ್ರಾನ್ ತೀರದಲ್ಲಿ ಇದೇ ಫಲಕ ಕೆಳಕ್ಕೆ ಜಾರುತ್ತಿದೆ. 1945ರ ನವೆಂಬರ್ 28ರಂದು ಅಲ್ಲಿ ಸುಮಾರು 8.1 ಪ್ರಮಾಣದ ಭೂಕಂಪವಾಗಿ ಎದ್ದ ಸುನಾಮಿ ಅಲೆಗಳು ಒಮಾನಿನ ಕರಾವಳಿಗೂ ಮುಂಬಯಿಗೂ ತಲುಪಿದ್ದವು. ಉಗುರಿನ ವೇಗ ಎಂದು ನಾವು ಹೇಳುವುದು ಸರಾಸರಿ ಮಾತ್ರ. ಅಂಚಿನಲ್ಲಿ ಬಂಡೆಗಳು ಸಿಕ್ಕಿಕೊಂಡು ದಶಕಗಟ್ಟಲೆ ಅಲುಗದೆ ಇದ್ದು, ಒಂದು ದಿನ ಕೆಲವೇ ಕ್ಷಣಗಳಲ್ಲಿ ಮೀಟರುಗಟ್ಟಲೆ ಸರಿಯುತ್ತವೆ.

ಸವೆತದ ವಿಷಯವೂ ಹೀಗೆಯೇ. ಇದನ್ನು ನಮ್ಮವರು ಅರಿಯುವುದು ಇನ್ನೂ ಅಗತ್ಯವೆಂದು ನಮಗೆ ಅನಿಸುತ್ತದೆ.

ಜೆಬೆಲ್ ಶಮ್ಸ್‌ನ ಮೇಲೆ ಸುಮಾರು ಮೂರು ಸಾವಿರ ಮೀಟರ್ ಎತ್ತರದಲ್ಲಿರುವುದು ಪೆರಿಡೊಟೈಟ್ ಅಲ್ಲ, ಸುಣ್ಣಕಲ್ಲು. ತಿಳಿಯಾದ, ಆಳವಿಲ್ಲದ ಸಮುದ್ರದಲ್ಲಿ ಹುಟ್ಟಿದ ಕಲ್ಲು ಅದು. ಜೆಬೆಲ್ ಅಖ್ದರ್‌ನ ಸೈಕ್ ಪ್ರಸ್ಥಭೂಮಿಯಲ್ಲಿ ಅಡ್ಡಾಡಿದವರು ಬಂಡೆಯೊಳಗೆ ಚಿಪ್ಪುಗಳ ಅಚ್ಚನ್ನು ನೋಡಿರಬಹುದು. ಈ ಸುಣ್ಣಕಲ್ಲಿನ ಮೇಲೆಯೇ ಒಂದು ಕಾಲಕ್ಕೆ ಆ ಸಾಗರತಳದ ಹಾಸು ಕಿಲೋಮೀಟರುಗಟ್ಟಲೆ ದಪ್ಪವಾಗಿ ಹೊದ್ದಿತ್ತು. ನಡುವಿನ ನೆಲ ಉಬ್ಬಿ ಎದ್ದಂತೆ ಹೊದಿಕೆ ಸವೆದು ಹೋಯಿತು. ಎಲ್ಲಿಗೆ ಹೋಯಿತು? ಬಾತಿನಾ ಬಯಲಿನಲ್ಲಿ ಬರ್ಕಾದಿಂದ ಸೊಹಾರ್‌ವರೆಗೆ ಕಾರು ಓಡಿಸುವಾಗ ರಸ್ತೆಯ ಕೆಳಗಿರುವ ಜಲ್ಲಿಯನ್ನು ನೆನೆಯಿರಿ. ಸೀಬ್, ಅಲ್ ಖೌದ್ ಪ್ರದೇಶಗಳಲ್ಲಿ ನಮ್ಮ ಅನೇಕ ಕುಟುಂಬಗಳು ವಾಸವಾಗಿರುವುದು ಬೆಟ್ಟದಿಂದ ಇಳಿದು ಬೀಸಣಿಗೆಯಂತೆ ಹರಡಿದ ಇಂಥ ಕಲ್ಲುಮಣ್ಣಿನ ಮೇಲೆಯೇ.

ಹೊತ್ತು ತಂದದ್ದು ವಾದಿಗಳು. (ನ್ಯಾಯಾಲಯದ ವಾದಿಯಲ್ಲ, ಅರಬ್ಬಿಯಲ್ಲಿ ಕಣಿವೆಗೆ, ಮಳೆ ಬಂದಾಗ ಮಾತ್ರ ಹರಿಯುವ ಹೊಳೆಯ ಪಾತ್ರಕ್ಕೆ ಇರುವ ಹೆಸರು. ಪ್ರತಿವಾದಿಯ ಸ್ಥಾನದಲ್ಲಿ ಸಾಮಾನ್ಯವಾಗಿ ನಮ್ಮ ಕಾರುಗಳಿರುತ್ತವೆ.) ಮಸ್ಕತ್ತಿನಲ್ಲಿ ವರ್ಷಕ್ಕೆ ಬೀಳುವ ಮಳೆ ನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು. ಇಷ್ಟು ಕಡಿಮೆ ಮಳೆ ಇಷ್ಟು ದೊಡ್ಡ ಬೆಟ್ಟವನ್ನು ಹೇಗೆ ಕೊರೆದೀತು ಎಂದು ಕೇಳುವವರಿಗೆ ಉತ್ತರ, ಅದು ಪ್ರತಿದಿನ ಕೊರೆಯುವುದಿಲ್ಲ ಎಂಬುದು. ಹೀರಿಕೊಳ್ಳಲು ಮಣ್ಣಿಲ್ಲ, ತಡೆಯಲು ಬೇರಿಲ್ಲ. ಬಿದ್ದ ನೀರೆಲ್ಲ ಒಮ್ಮೆಲೇ ಕಣಿವೆಗೆ ಇಳಿಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಾಗುವುದಿಲ್ಲ, ಹಳೆಯ ಲೆಕ್ಕವೊಂದರ ಪ್ರಕಾರ 64 ಪಟ್ಟಾಗುತ್ತದೆ. ಆದ್ದರಿಂದ ಹತ್ತು ವರ್ಷಗಳ ಸಾಧಾರಣ ಮಳೆ ಮಾಡದ ಕೆಲಸವನ್ನು ಒಂದು ಪ್ರವಾಹ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತದೆ.

2007ರ ಜೂನ್ ತಿಂಗಳಿನ ಗೋನು ಚಂಡಮಾರುತವನ್ನು ಕಂಡ ಹಿರಿಯ ಸದಸ್ಯರು ನಮ್ಮಲ್ಲಿದ್ದಾರೆ. ಕೆಲವು ವರ್ಷಗಳ ಮಳೆ ಒಂದೆರಡು ದಿನಗಳಲ್ಲಿ ಸುರಿದು ಖುರಮ್ ಪ್ರದೇಶ ನೀರಿನಡಿ ಹೋಯಿತು. ಒಮಾನಿನಲ್ಲಿ ಐವತ್ತರ ಆಸುಪಾಸಿನಷ್ಟು ಜನ ಪ್ರಾಣ ಕಳೆದುಕೊಂಡರು. 2024ರ ಏಪ್ರಿಲ್ 14ರಂದು ಸಮದ್ ಅಲ್ ಶಾನ್‌ನಲ್ಲಿ ಶಾಲಾಮಕ್ಕಳಿದ್ದ ವಾಹನವೇ ವಾದಿಯ ಪಾಲಾಯಿತು. ಹರಿಯುವ ವಾದಿಯನ್ನು ವಾಹನದಲ್ಲಿ ದಾಟುವುದು ಈ ದೇಶದ ಕಾನೂನಿನಲ್ಲಿ ಶಿಕ್ಷಾರ್ಹ ಅಪರಾಧ. ಆದರೂ ಮೊಣಕಾಲುದ್ದದ ನೀರಲ್ಲವೇ ಎಂದು ದಾಟಿ, ಅದರ ವಿಡಿಯೊವನ್ನು ಗುಂಪಿಗೆ ಹಾಕುವ ಮಿತ್ರರು ಇದ್ದಾರೆ. ಅವರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದು ಬೇಡ.

ವೈದ್ಯರಾಗಿ ನಮಗೆ ಇದು ಅಪರಿಚಿತ ಸಂಗತಿಯೇನಲ್ಲ. ಮೂಳೆಯನ್ನು ಜನರು ಕಲ್ಲಿನಂತೆ ಸ್ಥಿರವೆಂದು ತಿಳಿಯುತ್ತಾರೆ. ಆದರೆ ಒಂದು ಬಗೆಯ ಜೀವಕೋಶಗಳು ಅದನ್ನು ಸದಾ ಕರಗಿಸುತ್ತಲೂ ಇನ್ನೊಂದು ಬಗೆಯವು ಸದಾ ಕಟ್ಟುತ್ತಲೂ ಇರುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹೊಸದಾಗುತ್ತದೆ. ಕರಗುವುದು ಹೆಚ್ಚಿ ಕಟ್ಟುವುದು ತಗ್ಗಿದರೂ ವರ್ಷಗಟ್ಟಲೆ ಯಾವ ನೋವೂ ಕಾಣುವುದಿಲ್ಲ. ಒಂದು ದಿನ ಸ್ನಾನದ ಮನೆಯಲ್ಲಿ ಸಣ್ಣದೊಂದು ಜಾರುವಿಕೆ, ಸೊಂಟದ ಮೂಳೆ ಮುರಿತ. ಮನೆಯವರು ಜಾರಿದ್ದನ್ನು ದೂರುತ್ತಾರೆ. ನಾವು ಅದರ ಹಿಂದಿನ ಹದಿನೈದು ವರ್ಷಗಳನ್ನು ನೋಡುತ್ತೇವೆ. ಕೋಟಿ ವರ್ಷ ಎಂಬ ಮಾತು ಕೇಳಿದೊಡನೆ ಅದು ನಮ್ಮ ಆಯುಷ್ಯಕ್ಕೆ ಸಂಬಂಧಿಸಿದ್ದಲ್ಲ ಎಂದು ಪುಸ್ತಕ ಮಡಚಿಡುವುದು ಇದೇ ಬಗೆಯ ತಪ್ಪು ಎಣಿಕೆ. ಕೋಟಿ ವರ್ಷಗಳ ಸವೆತವೆಂದರೆ ನಿಧಾನವಾದ ಒಂದೇ ಸಮನೆಯ ಉಜ್ಜುವಿಕೆಯಲ್ಲ. ಹೆಚ್ಚಿನ ಪಾಲು ಅದು ಕೆಟ್ಟ ದಿನಗಳ ಮೊತ್ತ. ಅವುಗಳಲ್ಲಿ ಯಾವುದಾದರೊಂದು ಈ ಜುಲೈನಲ್ಲಿಯೂ ಬರಬಹುದು.

ಇನ್ನು ನಮ್ಮ ಊರಿನ ಘಟ್ಟಕ್ಕೆ ಬರೋಣ. ಅದೂ ಫಲಕಗಳ ಚಲನೆಯ ಕೂಸೇ, ಆದರೆ ಇಲ್ಲಿಯದಕ್ಕಿಂತ ಬೇರೆ ರೀತಿಯದು. ಒಮಾನಿನ ಬೆಟ್ಟ ಎರಡು ನೆಲಗಳು ಒತ್ತಿಕೊಂಡು ಎದ್ದದ್ದು. ಪಶ್ಚಿಮಘಟ್ಟ ಒಂದೇ ನೆಲ ಹರಿದು ಉಳಿದ ಅಂಚು. ಗೊಂಡ್ವಾನ ಎಂಬ ಮಹಾಖಂಡದಲ್ಲಿ ಅರೇಬಿಯ, ಭಾರತ, ಮಡಗಾಸ್ಕರ್ ಮೂರೂ ಒಟ್ಟಿಗಿದ್ದವು. ಸುಮಾರು 30 ಕೋಟಿ ವರ್ಷಗಳ ಹಿಂದಿನ ಹಿಮನದಿಗಳು ಬಿಟ್ಟುಹೋದ ಕಲ್ಲುಮಣ್ಣು ಒಮಾನಿನ ಮರುಭೂಮಿಯಲ್ಲಿಯೂ ಭಾರತದ ನೆಲದಲ್ಲಿಯೂ ಸಿಗುತ್ತದೆ. ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿನಿಂದ ಕಳಚಿಕೊಂಡದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದಲ್ಲಿ ಫೋಟೊ ತೆಗೆಸಿಕೊಂಡವರು, ಹಿಂದೆ ನಿಂತಿದ್ದ ಷಟ್ಕೋನದ ಕಂಬಗಳು ಆ ಅಗಲಿಕೆಯ ಕಾಲದಲ್ಲಿ ಉಕ್ಕಿ ತಣಿದ ಲಾವಾ ಎಂಬುದನ್ನು ತಿಳಿದಿರಲಿ.

ಹರಿದ ಅಂಚು ಹಾಗೆಯೇ ಉಳಿಯಲಿಲ್ಲ. ಕಡಲಿಗೆ ಮುಖ ಮಾಡಿದ ಕಡಿದಾದ ಬದಿಯನ್ನು ಹೊಳೆಗಳು ಕಚ್ಚುತ್ತ ಬಂದವು. ಕಾವೇರಿ ಪೂರ್ವಕ್ಕೆ ತಿರುಗಿ ಸುಮಾರು 800 ಕಿಲೋಮೀಟರ್ ನಡೆದು ಕಡಲು ಸೇರುತ್ತಾಳೆ. ಶರಾವತಿ ಸುಮಾರು 128 ಕಿಲೋಮೀಟರಿನಲ್ಲಿಯೇ ಆ ಕೆಲಸ ಮುಗಿಸುತ್ತಾಳೆ, ಅದರಲ್ಲಿ 253 ಮೀಟರನ್ನು ಜೋಗದಲ್ಲಿ ಒಂದೇ ನೆಗೆತಕ್ಕೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಎತ್ತರ ಇಳಿಯುವ ನೀರಿಗೆ ನೆಲವನ್ನು ಒಯ್ಯುವ ಶಕ್ತಿ ಅಪಾರ. ಹೀಗಿದ್ದೂ ಘಟ್ಟ ಮಸ್ಕತ್ತಿನ ಬೆಟ್ಟದಂತೆ ಬೋಳಾಗದೆ ಇರುವುದು ಕಾಡಿನ ಬೇರುಗಳಿಂದ, ಎಲೆಗಳ ಹಾಸಿನಿಂದ.

ಆದರೆ ಹಸಿರಿನ ಕೆಳಗೆ ಇನ್ನೊಂದು ಕೆಲಸ ನಡೆದಿರುತ್ತದೆ. ಬಿಸಿಲು, ಮಳೆ ಎರಡೂ ಧಾರಾಳವಾಗಿರುವಲ್ಲಿ ಕಲ್ಲು ನಿಂತಲ್ಲಿಯೇ ಕೊಳೆಯುತ್ತದೆ. ಕರಾವಳಿಯವರು ಮನೆ ಕಟ್ಟುವ ಮುರಕಲ್ಲು ಹಾಗೆ ಕೊಳೆತು ಉಳಿದದ್ದು. ಮೇಲಿನ ಮುರಕಲ್ಲು ಗಟ್ಟಿ. ಅದರ ಅಡಿಯಲ್ಲಿ ಎಷ್ಟೋ ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಪದರವಿರುತ್ತದೆ, ನಮ್ಮ ಕಡೆಯವರು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿದಾಗ ಬಲವೆಲ್ಲ ಹೋಗಿ ಜಾರುತ್ತದೆ. ಡಿಸೆಂಬರಿನಲ್ಲಿ ಜೆಸಿಬಿ ತಂದು ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬುಡವೆಂಬುದು ಮೇಲಿನ ಭಾರಕ್ಕೆ ಕೊಟ್ಟ ಊರುಗೋಲು. ಅದನ್ನು ತೆಗೆದಿರುವುದು ಗೊತ್ತಾಗುವುದು ಆಷಾಢದಲ್ಲಿ.

ಇದಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬರವಿಲ್ಲ. ಕೊಡಗಿನಲ್ಲಿ ಬರೆ ಕುಸಿಯುತ್ತದೆ, ಮಲೆನಾಡಿನಲ್ಲಿ ಧರೆ ಕುಸಿಯುತ್ತದೆ, ಕರಾವಳಿಯಲ್ಲಿ ಗುಡ್ಡ ಜರಿಯುತ್ತದೆ. ಹೊಸದಾಗಿರುವುದು ಅದರ ಪ್ರಮಾಣ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತಿನಲ್ಲಿ ಬೆಟ್ಟಗಳೇ ಜಾರಿ ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಆ ಬಳಿಕ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದುದನ್ನು ಕಾರಣಗಳಲ್ಲಿ ಎತ್ತಿ ಹೇಳಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಒಂದು ಲಾರಿಯನ್ನು ಅದರ ಚಾಲಕನ ದೇಹದೊಂದಿಗೆ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಅದೇ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳಲ್ಲಿ ಇನ್ನೂರಕ್ಕೂ ಮೀರಿ ಜನ ಮಲಗಿದಲ್ಲಿಯೇ ಮಣ್ಣುಪಾಲಾದರು. ವಯನಾಡಿನಲ್ಲಿ ಕುಸಿತ ಆರಂಭವಾದದ್ದು ಊರಿನಿಂದ ಬಹು ಮೇಲೆ. ಹಾಗಾಗಿ ಎಲ್ಲ ಕುಸಿತಕ್ಕೂ ಮನುಷ್ಯನ ಜೆಸಿಬಿಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಬೆಟ್ಟ ತಾನಾಗಿಯೂ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ನಾವು ಹೊಸದಾಗಿ ಮನೆ ಇಡುವುದು, ಅದಕ್ಕಾಗಿ ಬುಡವನ್ನೂ ಕಡಿಯುವುದು, ಇವೆರಡೂ ನಮ್ಮ ಆಯ್ಕೆ.

‘ಊರಿನವರು ಅಲ್ಲಿಯೇ ಇಲ್ಲವೇ?’ ಎಂದು ಸದಸ್ಯರೊಬ್ಬರು ನಮ್ಮನ್ನು ಕೇಳಿದ್ದುಂಟು. ಇದ್ದಾರೆ. ಅವರ ಗದ್ದೆ, ತೋಟ, ದೈವಸ್ಥಾನ ಎಲ್ಲವೂ ಅಲ್ಲಿಯೇ ಇರುವಾಗ ಅವರಿಗೆ ಹೋಗಲು ಬೇರೆ ಜಾಗವಿಲ್ಲ. ಕೊಡಗಿನ ಐನ್‌ಮನೆಗಳನ್ನು ನೋಡಿ: ಹೆಚ್ಚಿನವು ಗದ್ದೆಬಯಲನ್ನು ನೋಡುವ, ತುಸು ಎತ್ತರದ ನೆಲದಲ್ಲಿವೆ, ‘ವ್ಯೂ’ಗಾಗಿ ಕಡಿದಾದ ಬರೆಯ ತುದಿಗೆ ಯಾರೂ ಮನೆ ಏರಿಸಲಿಲ್ಲ. ನಮಗಾದರೋ ಆಯ್ಕೆಯಿದೆ. ಅಷ್ಟೇ ಅಲ್ಲ, ನಾವು ಕಟ್ಟಿಸುವ ಮನೆಯಲ್ಲಿ ಜುಲೈ ನಡುರಾತ್ರಿ ಮಲಗಿರುವವರು ಯಾರು ಎಂಬ ಪ್ರಶ್ನೆಯೂ ಇದೆ. ಹೆಚ್ಚಿನ ವರ್ಷ ನಾವಲ್ಲ. ಮನೆ ನೋಡಿಕೊಳ್ಳುವವರು, ಅವರ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು. ಅವರಿಗೆ ಕೊಟ್ಟ ಕೋಣೆ ಸಾಮಾನ್ಯವಾಗಿ ಹಿಂಬದಿಯಲ್ಲಿ, ಕಡಿದ ಧರೆಗೆ ಅಂಟಿಕೊಂಡಂತೆ ಇರುತ್ತದೆ. ಅತಿಥಿಗಳಿಗಾಗಿ ಮೇಲ್ಗಡೆ ಈಜುಕೊಳ ಮಾಡಿಸಿದ್ದರಂತೂ ಹೇಳುವುದೇ ಬೇಡ; ಅದರಿಂದ ಒಸರುವ ನೀರು ಹೋಗುವುದು ಅದೇ ಮಣ್ಣಿಗೆ.

ಕಾಗದಪತ್ರಗಳ ವಿಷಯದಲ್ಲಿಯೂ ಒಂದು ಮಾತು. ಅನಿವಾಸಿಗಳು ಭಾರತದಲ್ಲಿ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಗೊತ್ತು. ಅದಕ್ಕೆಂದೇ ಅಣ್ಣನ ಹೆಸರಿನಲ್ಲೋ ಮಾವನವರ ಹೆಸರಿನಲ್ಲೋ ಕೊಳ್ಳುವ ದಾರಿಯೂ ಎಲ್ಲರಿಗೂ ಗೊತ್ತು. ಹೀಗೆ ಕೊಂಡ ಜಾಗವನ್ನು ಕೊಂಡವರು ಸರಿಯಾಗಿ ನೋಡಿರುವುದಿಲ್ಲ, ಹೆಸರು ಕೊಟ್ಟವರು ಪ್ರಶ್ನೆ ಕೇಳುವುದಿಲ್ಲ. ಭೂ ಪರಿವರ್ತನೆಯ ಆದೇಶ ಕೈಗೆ ಬಂದೊಡನೆ ನೆಲ ಗಟ್ಟಿಯೆಂದು ನಂಬುವವರಿದ್ದಾರೆ. ಆ ಆದೇಶ ಜಮೀನಿನ ಬಳಕೆಯ ಬಗ್ಗೆ ಹೇಳುತ್ತದೆ. ಅಡಿಯಲ್ಲಿ ಎಷ್ಟು ಮೀಟರ್ ಶೇಡಿ ಮಣ್ಣಿದೆ ಎಂಬುದನ್ನಲ್ಲ.

ಆದ್ದರಿಂದ ಈಗಾಗಲೇ ಮುಂಗಡ ಕೊಟ್ಟಿರುವವರೂ ಒಂದಿಷ್ಟು ಕೆಲಸ ಮಾಡಬಹುದು. ಸರ್ವೇಕ್ಷಣಾಲಯದ ಭೂಕೋಶ ಜಾಲತಾಣದಲ್ಲಿ ಭೂಕುಸಿತದ ಸಾಧ್ಯತೆಯ ನಕ್ಷೆಗಳು ಉಚಿತವಾಗಿ ದೊರೆಯುತ್ತವೆ. 50,000ಕ್ಕೆ 1ರ ಅಳತೆಯವು, ಒಂದು ಸೈಟಿನ ಬಗ್ಗೆ ತೀರ್ಪು ಕೊಡುವಷ್ಟು ಸೂಕ್ಷ್ಮವಲ್ಲದಿದ್ದರೂ ಯಾವ ಬೆಟ್ಟದ ಮಗ್ಗುಲು ಕೆಂಪಾಗಿದೆ ಎಂಬುದು ಕಾಣುತ್ತದೆ. ದಲ್ಲಾಳಿಗಳು ಜಾಗ ತೋರಿಸುವುದು ಚಳಿಗಾಲದ ಹೊಳೆವ ಬಿಸಿಲಿನಲ್ಲಿ. ನಮ್ಮ ಮಕ್ಕಳ ಶಾಲೆಗೆ ರಜೆ ಬರುವುದೂ ನಾವು ಊರಿಗೆ ಹೋಗುವುದೂ ಮಳೆಗಾಲದಲ್ಲಿಯೇ ಆಗಿರುವುದರಿಂದ, ಆಗಲೇ ಒಮ್ಮೆ ದೂರ ನಿಂತು ನೋಡಿ. ತೊರೆಯ ನೀರು ಒಮ್ಮೆಲೇ ಕೆಂಪಾಗುತ್ತಿದೆಯೇ, ಮೇಲಿನ ಮರಗಳು ಬುಡದಲ್ಲಿ ಬಾಗಿವೆಯೇ, ನೆಲದಲ್ಲಿ ಉದ್ದನೆಯ ಬಿರುಕಿದೆಯೇ, ಹಿಂದೆ ಇಲ್ಲದ ಕಡೆ ಹೊಸದಾಗಿ ಒರತೆ ಎದ್ದಿದೆಯೇ. ನೆರೆಯ ಮನೆಯ ಅಜ್ಜಿಯನ್ನು ಕೇಳಿದರೆ ಯಾವ ವರ್ಷ ಯಾವ ಧರೆ ಬಿತ್ತು ಎಂಬುದನ್ನು ತೋಟದ ಗಡಿಯ ಸಮೇತ ಹೇಳುತ್ತಾರೆ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಮುಂಗಡ ಹೋದರೆ ಹೋಗಲಿ ಎನ್ನುವುದೇ ನಮ್ಮ ಸಲಹೆ. ಸಮತಟ್ಟಾದ ನೆಲದಲ್ಲಿ, ಊರಿಗೆ ಹತ್ತಿರ, ಆಸ್ಪತ್ರೆ ಅರ್ಧ ಗಂಟೆಯ ದಾರಿಯಲ್ಲಿರುವಲ್ಲಿ ಮನೆ ಮಾಡಿಕೊಂಡರೆ ಅರವತ್ತರ ನಂತರ ನಿಮಗೂ ಅನುಕೂಲ.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಕೋರಿಕೆಯಿದೆ. ಈ ಚಳಿಗಾಲದ ಕುಟುಂಬ ಪ್ರವಾಸವನ್ನು ನಖಲ್ ಸಮೀಪದ ವಾದಿ ಅಲ್ ಅಬ್ಯದ್‌ಗೆ ಇಟ್ಟುಕೊಳ್ಳೋಣ. ಸಾಗರದ ಚಿಪ್ಪೂ ಅದರ ಕೆಳಗಿನ ಮ್ಯಾಂಟಲ್ಲೂ ಸೇರುವ ಗಡಿಯನ್ನು ಮಕ್ಕಳು ಅಲ್ಲಿ ಕಾಲ್ನಡಿಗೆಯಲ್ಲಿ ದಾಟಬಹುದು. ನಮ್ಮ ಸದಸ್ಯರಲ್ಲಿ ತೈಲ ಕ್ಷೇತ್ರದಲ್ಲಿ ದುಡಿಯುವ ಭೂವಿಜ್ಞಾನಿಗಳಿದ್ದಾರೆ. ಅವರು ಕನ್ನಡದಲ್ಲಿ ವಿವರಿಸಿದರೆ ಕನ್ನಡ ಶಾಲೆಯ ಒಂದು ಪಾಠವೂ ಆದಂತಾಗುತ್ತದೆ. ಅಲ್ಲಿ ಹಾಲುಬೆರೆಸಿದಂತಿರುವ ನೀಲಿ ಕೊಳಗಳಿವೆ. ಆ ಬಂಡೆಯೊಳಗಿಂದ ಬರುವ ನೀರು ಸಾಬೂನಿನ ನೀರಿಗಿಂತಲೂ ಹೆಚ್ಚು ಕ್ಷಾರೀಯವಾಗಿರಬಲ್ಲದು; ಮಕ್ಕಳು ಅದನ್ನು ಕುಡಿಯದಂತೆ, ಕಣ್ಣಿಗೆ ಹಾಕಿಕೊಳ್ಳದಂತೆ ತಾಯಂದಿರೂ ತಂದೆಯರೂ ನೋಡಿಕೊಳ್ಳಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನಾವು ತರುತ್ತೇವೆ. ಗಾಡಿಗಳನ್ನು ವಾದಿಯ ಪಾತ್ರದಲ್ಲಿ ನಿಲ್ಲಿಸುವುದು ಬೇಡ, ದಡದ ಮೇಲೆಯೇ ನಿಲ್ಲಿಸೋಣ. ಬೆಟ್ಟದ ಕಡೆ ಮೋಡ ಕಂಡರೆ, ಮಸ್ಕತ್ತಿನಲ್ಲಿ ಬಿಸಿಲಿದ್ದರೂ, ಪ್ರವಾಸವನ್ನು ಮುಂದಿನ ವಾರಕ್ಕೆ ಹಾಕೋಣ.